ಬೆನ್ನುನೋವೂ ಜಾರಿದ ಚಪ್ಪಲಿಯೂ



ಬಗ್ಗಿ ಕಸ ಹೊಡೆಯುವವರಿಗೆ, ರೊಟ್ಟಿ ಬಡಿಯುವವರಿಗೆ ಬೆನ್ನು ನೋಯದೆ ಇನ್ನೇನು ಎನ್ನುತ್ತೇವಲ್ಲವೇ? ಶಹಾಪುರಕ್ಕೆ ಕೊಟ್ಟ ನನ್ನ ನಾದಿನಿಗೂ ನಾನು ಹಾಗೇ ಅಂದಿದ್ದೆ. ಎಣ್ಣೆ ತಿಕ್ಕಿದವಳೂ ನಾನೇ.

ಆಕೆಯ ನೋವು ರಾತ್ರಿ ಮಲಗಿದಾಗಲೇ ಹೆಚ್ಚು. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಒಂದು ದಿನ ಸುರಪುರದ ನಮ್ಮ ಮನೆಗೆ ಬಂದವಳು ಹೊಸ್ತಿಲಲ್ಲಿ ನಿಂತು, "ವೈನೀ, ಒಂದು ಚಪ್ಪಲಿ ಎಲ್ಲಿ ಬಿತ್ತೋ ನನಗ ಗೊತ್ತೇ ಆಗಲಿಲ್ಲ ನೋಡ್ರಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಎಕ್ಸ್-ರೇ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ. ಮೂಳೆಯೊಳಗಿನ ಮೆತ್ತನೆಯ ಬೆನ್ನುಹುರಿಯನ್ನಲ್ಲ. ಅದಕ್ಕೆ ಎಂ.ಆರ್.ಐ. ಬೇಕು. ಅದರಲ್ಲಿ ಎಕ್ಸ್-ರೇ ಇಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ಚಿತ್ರ ಮೂಡುತ್ತದೆ. ಈ ವಿದ್ಯೆಗಾಗಿ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಇಬ್ಬರಿಗೂ 2003ರಲ್ಲಿ ನೊಬೆಲ್ ಬಂತು.

ಕಾಲಿನ ತೊಂದರೆಯೆಂದು ಮೊದಲು ಸೊಂಟದ ಎಂ.ಆರ್.ಐ. ತೆಗೆದರು. ಅದೂ ಚೊಕ್ಕ! ಕಲಬುರಗಿಯ ಇನ್ನೊಬ್ಬ ವೈದ್ಯರು ಪಾದದಿಂದ ಮೇಲಕ್ಕೆ ಪಿನ್ನು ಮುಟ್ಟಿಸುತ್ತ ಹೋದರು. ಎದೆಯ ಕೆಳಗೆಲ್ಲ ಆಕೆಗೆ ಚುಚ್ಚಿದ್ದು ಮಂದ. "ಮೇಲಿನ ಬೆನ್ನಿನದು ತೆಗೆಸಿ" ಅಂದರು. ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಹತ್ತಿರವೇ ಮುಗಿಯುತ್ತದಂತೆ. ಎದೆಮಟ್ಟದ ಗಡ್ಡೆ ಸೊಂಟದ ಚಿತ್ರದಲ್ಲಿ ಹೇಗೆ ಸಿಕ್ಕೀತು?

ಅಲ್ಲೊಂದು ರಗಳೆ. ಮೈಮೇಲಿನ ಲೋಹವೆಲ್ಲ ತೆಗೆಯಬೇಕು, ತಾಳಿ, ಕಾಲುಂಗುರ, ತಲೆಯ ಪಿನ್ನು ಸಹಿತ. ಆಕೆಯ ಅತ್ತೆ, "ಮುತ್ತೈದಿ ತಾಳಿ ತೆಗೀತಾಳೇನು?" ಎಂದು ಕೂತುಬಿಟ್ಟರು. ನಾನು ಅರಿಷಿಣ ಕೊಂಬನ್ನು ನೂಲಿಗೆ ಕಟ್ಟಿ ಕೊರಳಿಗೆ ಹಾಕಿದ ಮೇಲೆಯೇ ಸಮಾಧಾನ. ಎದೆಯೊಳಗೆ ಪೇಸ್‌ಮೇಕರ್ ಇದ್ದವರು, ಮೂತ್ರಪಿಂಡದ ಕಾಯಿಲೆಯವರು ಮೊದಲೇ ಹೇಳಬೇಕು. ಗಡ್ಡೆ ಎದ್ದು ಕಾಣಲೆಂದು ಕೆಲವರಿಗೆ ಗ್ಯಾಡೋಲಿನಿಯಂ ಸೂಜಿ ಕೊಡುತ್ತಾರೆ. ಒಳಗೆ ಡಬಡಬ ಸದ್ದು ಬಹಳ, ಆದರೆ ನೋವಿಲ್ಲ. ನಮ್ಮ ಶಹಾಪುರದ ಬೆಟ್ಟದ ಮಲಗಿದ ಬುದ್ಧನ ಹಾಗೆ ಅಲುಗಾಡದೆ ಮಲಗಬೇಕು, ಅಷ್ಟೇ.

ಹುರಿಯ ಹೊರಗೆ ಕುಳಿತು ಅದನ್ನು ಅದುಮುತ್ತಿದ್ದ ಗಡ್ಡೆ ಕಂಡಿತು. ಮೆನಿಂಜಿಯೋಮಾ ಇರಬಹುದು ಎಂದರು. ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಅದೇ ಎಂದು ಖಾತ್ರಿಯಾಯಿತು. ಅಪರೂಪದ ಗಡ್ಡೆ, ಬಹುತೇಕ ಕ್ಯಾನ್ಸರ್ ಅಲ್ಲ, ಆದರೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ನಾದಿನಿ ಈಗ ನಡೆಯುತ್ತಾಳೆ. ಎಡಗಾಲು ಮಾತ್ರ ಸ್ವಲ್ಪ ಎಳೆಯುತ್ತದೆ. ಆ ಎಣ್ಣೆ ತಿಕ್ಕಿದ ತಿಂಗಳುಗಳು ನನಗೆ ನೆನಪಾಗುತ್ತವೆ.

ಹೆಚ್ಚಿನ ಬೆನ್ನುನೋವು ಗಡ್ಡೆಯದಲ್ಲ, ಹೆದರಬೇಡಿ. ಆದರೆ ಕಾಲು ಸೋತರೆ, ಜೋಮು ಮೇಲೇರಿದರೆ ನರರೋಗದ ವೈದ್ಯರಲ್ಲಿಗೆ ಹೋಗಿ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆ ಸೇರಿ. ಹಳೆಯ ಎಕ್ಸ್-ರೇ, ಫಿಲ್ಮುಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಟ್ಟದ ಮೇಲೆ ಸುರುಳಿ ಸುತ್ತಿ ಇಡಬೇಡಿರಿ.