ತಂದೆಗೆ ಬಂದ ಜಠರದ ಅರ್ಬುದ ಮಕ್ಕಳಿಗೂ ಬರುವುದೇ?

ನಮ್ಮ ಅಂಕಣದ ಓದುಗರಾದ ಸಹೋದರಿಯೊಬ್ಬರ ಪತ್ರ ನಮ್ಮ ಮುಂದಿದೆ. ಅವರ ತಂದೆಯವರು ಜಠರದ ಅರ್ಬುದ ರೋಗದಿಂದ, ಅಂದರೆ ಹೊಟ್ಟೆಯ ಕ್ಯಾನ್ಸರಿನಿಂದ, ಲಿಂಗೈಕ್ಯರಾಗಿ ವರ್ಷ ತುಂಬುತ್ತ ಬಂದಿದೆ. ಈಗ ನಲವತ್ತೈದರ ಆಸುಪಾಸಿನಲ್ಲಿರುವ ಅಣ್ಣನವರಿಗೆ ಎದೆಯುರಿ, ಹುಳಿತೇಗು, ಹೊಟ್ಟೆಯ ಮೇಲ್ಭಾಗದ ನೋವು ಬಿಡದೆ ಕಾಡುತ್ತಿವೆ. ಔಷಧದ ಅಂಗಡಿಯಿಂದ ಗುಳಿಗೆ ತಂದು ನುಂಗಿ ಸುಮ್ಮನಾಗುತ್ತಾರಂತೆ. ಮದ್ಯಮಾಂಸಗಳನ್ನು ಮುಟ್ಟದ, ಲಿಂಗಪೂಜೆಯಾಗದೆ ತುತ್ತು ಎತ್ತದ ಮನೆತನಕ್ಕೆ ಇಂಥ ರೋಗವೇಕೆ ಬಂದಿತು, ಇದು ರಕ್ತದಲ್ಲಿಯೇ ಇಳಿದು ಬರುವುದೇ, ಪೂರ್ವಕರ್ಮವೇ ಎಂದು ಆ ತಾಯಿ ಕೇಳಿದ್ದಾರೆ. ಶರಣರು ಹಣೆಬರಹವೆಂದು ಕೈಕಟ್ಟಿ ಕುಳಿತವರಲ್ಲ. ಆದುದರಿಂದ ಕರ್ಮದ ಮಾತನ್ನು ಬದಿಗಿರಿಸಿ, ವೈದ್ಯಶಾಸ್ತ್ರವು ಈ ಬಗೆಗೆ ಕಂಡುಕೊಂಡಿರುವುದನ್ನು ಅರುಹಲು ಯತ್ನಿಸುತ್ತೇವೆ.

ಹೊಟ್ಟೆಯ ಹುಣ್ಣಿಗೆ ಖಾರ, ಚಿಂತೆ, ಹೊತ್ತು ತಪ್ಪಿದ ಊಟಗಳೇ ಕಾರಣವೆಂದು ನಮ್ಮ ಹಿರಿಯರಷ್ಟೇ ಅಲ್ಲ, ವೈದ್ಯರೂ ಬಹುಕಾಲ ನಂಬಿದ್ದರು. ಜಠರದಲ್ಲಿ ಒಸರುವ ಆಮ್ಲವು ಬಲು ಪ್ರಖರವಾದುದು. ಅದರಲ್ಲಿ ಯಾವ ಜೀವಿಯೂ ಬಾಳಲಾರದೆಂಬುದು ಅಂದಿನ ಪಾಠ. ಆಸ್ಟ್ರೇಲಿಯಾದ ಪರ್ತ್ ನಗರದ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಅವರು 1979ರಲ್ಲಿ, ಉರಿಯೂತಗೊಂಡ ಜಠರದಿಂದ ತೆಗೆದ ತುಣುಕಿನಲ್ಲಿ ಬಾಗಿದ ಆಕಾರದ ಸೂಕ್ಷ್ಮಜೀವಿಗಳನ್ನು ಕಂಡರು. ಮುಂದೆ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ಅವರೊಡನೆ ಸೇರಿ, ಅವುಗಳನ್ನು ಪ್ರಯೋಗಶಾಲೆಯ ತಟ್ಟೆಗಳಲ್ಲಿ ಬೆಳೆಸಲು ಹೊರಟರು. ಎರಡು ದಿನ ಕಾದು, ಏನೂ ಬೆಳೆಯಲಿಲ್ಲವೆಂದು ತಟ್ಟೆಗಳನ್ನು ಎಸೆಯುವುದು ಅಲ್ಲಿನ ರೂಢಿಯಾಗಿದ್ದಿತು. 1982ರ ಈಸ್ಟರ್ ರಜೆಯಲ್ಲಿ ಎಸೆಯುವವರಿಲ್ಲದೆ ತಟ್ಟೆಗಳು ಹಾಗೆಯೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಜೀವಿಗಳು ಚೆನ್ನಾಗಿ ಬೆಳೆದಿದ್ದವು! ಆದರೂ ವೈದ್ಯಲೋಕ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅವರು ಆ ಜೀವಿಗಳಿದ್ದ ದ್ರವವನ್ನು ತಾವೇ ಕುಡಿದುಬಿಟ್ಟರು. ಮನೆಯಾಕೆಗೂ ಮೊದಲು ತಿಳಿಸಿರಲಿಲ್ಲ. ಕೆಲವೇ ದಿನಗಳಲ್ಲಿ ವಾಂತಿಯೂ ಬಾಯಿಯ ದುರ್ಗಂಧವೂ ಆರಂಭವಾದವು. ಹತ್ತನೆಯ ದಿನದ ಪರೀಕ್ಷೆಯಲ್ಲಿ ಜಠರದ ಉರಿಯೂತ ಸ್ಪಷ್ಟವಾಗಿ ಕಂಡಿತು. ಇಂಥ ಸಾಹಸವನ್ನು ಯಾರೂ ಅನುಸರಿಸಬಾರದು, ನಿಜ. ಆದರೆ ಅದರಿಂದ ಉಪಕಾರವಾದುದನ್ನು ಅಲ್ಲಗಳೆಯುವಂತಿಲ್ಲ. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಈ ಜೀವಿಯ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಇದು ಯೂರಿಯೇಸ್ ಎಂಬ ಕಿಣ್ವವನ್ನು ಉತ್ಪಾದಿಸಿ, ಅದರಿಂದ ಅಮೋನಿಯಾ ಉಂಟುಮಾಡಿ, ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಳ್ಳುತ್ತದೆ. ಬಳಿಕ ಜಠರದ ಲೋಳೆಯ ಪದರದಲ್ಲಿ ನೆಲೆಯೂರುತ್ತದೆ. ಚಿಕಿತ್ಸೆಯಾಗದಿದ್ದರೆ ಬಹುತೇಕ ಜೀವಮಾನವಿಡೀ ಅಲ್ಲಿಯೇ ಇರುತ್ತದೆ. ಹೆಚ್ಚಿನವರಿಗೆ ಯಾವ ತೊಂದರೆಯೂ ತೋರುವುದಿಲ್ಲ. ಕೆಲವರಲ್ಲಿ ಹುಣ್ಣಾಗುತ್ತದೆ. ಇನ್ನು ಕೆಲವರಲ್ಲಿ ದಶಕಗಳ ಕಾಲ ಒಳಗೊಳಗೇ ನಡೆಯುವ ಉರಿಯೂತದಿಂದ ಜಠರದ ಒಳಪೊರೆ ಸವೆದು ತೆಳುವಾಗಿ, ಅಲ್ಲಿನ ಜೀವಕೋಶಗಳು ತಮ್ಮ ಸ್ವರೂಪವನ್ನೇ ಬದಲಿಸಿ, ಕೊನೆಗೆ ಅರ್ಬುದಕ್ಕೆ ತಿರುಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಳಿಯು 1994ರಲ್ಲಿಯೇ ಈ ಸೋಂಕನ್ನು ಮನುಷ್ಯರಲ್ಲಿ ಅರ್ಬುದ ತರುವ ಕಾರಣಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ತಂಬಾಕಿನ ಹೊಗೆಯೂ ಇದೇ ವರ್ಗದಲ್ಲಿದೆ.

ಇಷ್ಟು ಓದಿ ಗಾಬರಿಗೊಳ್ಳಬಾರದು. ಜಪಾನಿನಲ್ಲಿ ಸೋಂಕಿದ್ದ 1246 ರೋಗಿಗಳನ್ನು ಸುಮಾರು ಎಂಟು ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ಅರ್ಬುದ ಬಂದುದು 36 ಮಂದಿಗೆ, ಅಂದರೆ ನೂರಕ್ಕೆ ಮೂವರಿಗೂ ಕಡಿಮೆ. ಸೋಂಕಿಲ್ಲದಿದ್ದ 280 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲವೆಂಬುದನ್ನೂ ಗಮನಿಸಬೇಕು. ನಮ್ಮ ದೇಶದಲ್ಲಿ ಸೋಂಕು ಬಹು ಸಾಮಾನ್ಯ. ಆದರೂ ಜಠರದ ಅರ್ಬುದ ಜಪಾನ್, ಕೊರಿಯಾಗಳಲ್ಲಿರುವಷ್ಟು ಇಲ್ಲ. ಸೋಂಕಿನೊಡನೆ ತಂಬಾಕು, ಅತಿಯಾದ ಉಪ್ಪು, ಉಪ್ಪಿನಲ್ಲಿ ಊರಿಟ್ಟ ಪದಾರ್ಥಗಳು ಹಾಗೂ ಮನೆತನದಲ್ಲಿ ಈ ರೋಗವಿರುವುದು ಸೇರಿದಾಗ ಅಪಾಯ ಏರುತ್ತದೆ.

ಸಹೋದರಿಯ ಪ್ರಶ್ನೆಗೆ ನೇರವಾಗಿ ಸಲ್ಲುವ ಅಧ್ಯಯನ ಕೊರಿಯಾದ್ದು. ತಂದೆ, ತಾಯಿ, ಒಡಹುಟ್ಟಿದವರು ಇಲ್ಲವೆ ಮಕ್ಕಳಲ್ಲಿ ಒಬ್ಬರಿಗೆ ಜಠರದ ಅರ್ಬುದವಾಗಿದ್ದು, ತಮ್ಮಲ್ಲಿಯೂ ಈ ಸೋಂಕು ಇದ್ದವರನ್ನು ಅಲ್ಲಿನ ವೈದ್ಯರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೋಂಕು ಕಳೆಯುವ ಔಷಧ, ಇನ್ನೊಂದಕ್ಕೆ ಬರಿಯ ತೋರಿಕೆಯ ಗುಳಿಗೆ. ಒಂಬತ್ತು ವರ್ಷಗಳಷ್ಟು ಕಾಲ ಕಾದು ನೋಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧ ಪಡೆದ 832 ಮಂದಿಯಲ್ಲಿ 10 ಜನರಿಗೆ ಅರ್ಬುದ ಬಂದಿದ್ದರೆ, ಪಡೆಯದ 844 ಮಂದಿಯಲ್ಲಿ 23 ಜನರಿಗೆ ಬಂದಿದ್ದಿತು. ಕೆಲವು ದಿನಗಳ ಗುಳಿಗೆಗಳಿಂದ ಅಪಾಯ ಅರ್ಧಕ್ಕಿಂತಲೂ ಕೆಳಗಿಳಿಯಿತೆಂದರೆ ಸಣ್ಣ ಮಾತಲ್ಲ. ರಕ್ತದಲ್ಲಿಯೇ ಇಳಿದುಬರುವ ಜಠರದ ಅರ್ಬುದವೂ ಉಂಟು, ಆದರೆ ಅದು ವಿರಳ.

ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಇಳಿದುಬರುವುದು ಹೆಚ್ಚಾಗಿ ಸೋಂಕೇ. ಬಾಲ್ಯದಲ್ಲಿ, ಹತ್ತಿರದವರಿಂದಲೇ, ಎಂಜಲು, ವಾಂತಿ, ಶುಚಿಯಿಲ್ಲದ ಕೈ ಮತ್ತು ಮಲಿನವಾದ ನೀರಿನ ಮೂಲಕ ಇದು ಹರಡುತ್ತದೆ. ಅಜ್ಜಿ ಅಗಿದು ಮೆತ್ತಗೆ ಮಾಡಿ ಮೊಮ್ಮಗುವಿನ ಬಾಯಿಗಿಡುವ ತುತ್ತಿನಲ್ಲಿ ವಾತ್ಸಲ್ಯವಿದೆ, ಸಂದೇಹವಿಲ್ಲ. ಆದರೂ ಆ ವಾಡಿಕೆಯನ್ನು ಬಿಡುವುದು ಮೇಲು. ಶಾಖಾಹಾರವು ಉತ್ತಮವೇ, ಆದರೆ ಅದು ಈ ಸೋಂಕಿನಿಂದ ಕಾಯುವುದಿಲ್ಲ.

ಅಣ್ಣನವರು ಇನ್ನು ಗುಳಿಗೆ ನುಂಗುತ್ತ ಕಾಲ ಕಳೆಯಬಾರದು. ಆಮ್ಲ ತಗ್ಗಿಸುವ ಗುಳಿಗೆಯಿಂದ ಉರಿ ಅಡಗುತ್ತದೆ, ಸೋಂಕು ಅಡಗುವುದಿಲ್ಲ. ಪರೀಕ್ಷೆಯಲ್ಲಿ ಸೋಂಕು ಕಾಣದಂತೆ ಮರೆಮಾಡುವುದೂ ಉಂಟು. ಆದುದರಿಂದ ವೈದ್ಯರನ್ನು ಕೇಳಿ, ಪರೀಕ್ಷೆಗೆ ಎರಡು ವಾರ ಮೊದಲೇ ಅದನ್ನು ನಿಲ್ಲಿಸಬೇಕಾಗುತ್ತದೆ. ತಂದೆಗೆ ಈ ರೋಗವಿದ್ದು ಮಗನಿಗೂ ನೋವಿರುವುದರಿಂದ ಅವರಿಗೆ ಎಂಡೋಸ್ಕೋಪಿಯೇ ಯುಕ್ತ. ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ಮಲ ಕಪ್ಪಾಗುವುದು, ರಕ್ತ ವಾಂತಿಯಾಗುವುದು, ಇವುಗಳಲ್ಲಿ ಒಂದಿದ್ದರೂ ಒಂದು ದಿನವೂ ತಡಮಾಡಬಾರದು. ನೋವಿಲ್ಲದ ಇತರ ಒಡಹುಟ್ಟಿದವರು ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಸೋಂಕನ್ನು ತಿಳಿಯಬಹುದು. ಚಿಕ್ಕ ಮಕ್ಕಳ ವಿಷಯವನ್ನು ವೈದ್ಯರೇ ತೀರ್ಮಾನಿಸಲಿ.

ಸೋಂಕು ಕಂಡರೆ, ಆಮ್ಲ ತಗ್ಗಿಸುವ ಔಷಧದೊಡನೆ ಎರಡು ಅಥವಾ ಮೂರು ಬಗೆಯ ಔಷಧಗಳನ್ನು ಸಾಮಾನ್ಯವಾಗಿ ಹದಿನಾಲ್ಕು ದಿನ ಕೊಡುತ್ತಾರೆ. ಬಾಯಿ ಕಹಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ; ಐದಾರು ದಿನಗಳಿಗೆ ನೋವು ಇಳಿಯಿತೆಂದು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹಾಗೆ ಅರ್ಧಕ್ಕೆ ಬಿಟ್ಟಾಗ ಉಳಿದ ಜೀವಿಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ನಮ್ಮ ದೇಶದಲ್ಲಿ ಇಂಥ ಮೊಂಡು ಜೀವಿಗಳು ಈಗಾಗಲೇ ಹೆಚ್ಚಿವೆ. ಔಷಧ ಮುಗಿದು ನಾಲ್ಕು ವಾರಗಳಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಸೋಂಕು ಹೋಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ವೈದ್ಯರಲ್ಲಿಗೆ ಹೋಗುವಾಗ ಅಣ್ಣನವರು ತಂದೆಯವರ ಆಸ್ಪತ್ರೆಯ ಕಾಗದಪತ್ರಗಳನ್ನು, ಮುಖ್ಯವಾಗಿ ಬಯಾಪ್ಸಿಯ ವರದಿಯನ್ನು, ಮರೆಯದೆ ಒಯ್ಯಲಿ.