ಕೊಟ್ಟ ಮನೆಯ ಬೀಗ

ಬಾಡಿಗೆಯ ಮನೆ ಖಾಲಿಯಾದಾಗ ಮಾಲೀಕರು ಗೋಡೆಗೆ ಸುಣ್ಣಬಣ್ಣ ಮಾಡಿಸುತ್ತಾರೆ, ಸೋರುವ ನಲ್ಲಿಗೆ ಹೊಸ ವಾಷರ್ ಹಾಕಿಸುತ್ತಾರೆ, ಅದರ ಖರ್ಚನ್ನು ಹೋದವರ ಮುಂಗಡ ಹಣದಲ್ಲಿ ಮುರಿದುಕೊಳ್ಳುವುದನ್ನೂ ಮರೆಯುವುದಿಲ್ಲ. ಬಾಗಿಲ ಬೀಗ ಮಾತ್ರ ಹಳೆಯದೇ ಉಳಿಯುತ್ತದೆ. ಹೋದವರು ಹಿಂದಿರುಗಿಸಿದ ಎರಡು ಬೀಗದ ಕೈಗಳನ್ನೇ ಬಂದವರಿಗೆ ಒಪ್ಪಿಸುವುದು ರೂಢಿ. ಆ ಬೀಗಕ್ಕೆ ಮೂರನೆಯದೊಂದು ಕೈ ಇದೆಯೇ, ಇದ್ದರೆ ಯಾರ ಬಳಿ ಇದೆ ಎಂದು ಯಾರೂ ಕೇಳುವುದಿಲ್ಲ. ಮನೆಗೆಲಸದವರಿಗೆಂದು ಒಮ್ಮೆ, ಊರಿನಿಂದ ಬಂದ ತಮ್ಮನಿಗೆಂದು ಇನ್ನೊಮ್ಮೆ ರಸ್ತೆಬದಿಯ ಅಂಗಡಿಯಲ್ಲಿ ಮಾಡಿಸಿದ ನಕಲು ಎಲ್ಲಿ ಹೋಯಿತೆಂಬುದು ಮಾಡಿಸಿದವರಿಗೇ ಮರೆತಿರುತ್ತದೆ. ಲೋಕದೃಷ್ಟಿಗೆ ಇದು ಸಣ್ಣ ಉದಾಸೀನ. ಶ್ರಾವಕನಾದವನು ಇದನ್ನು ಅಚೌರ್ಯಾಣುವ್ರತದ ಎದುರಿಗಿಟ್ಟು ನೋಡಬೇಕಾಗಿದೆ.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಪ್ರಕಾರ ಕಳ್ಳತನವೆಂದರೆ ಅದತ್ತಾದಾನ, ಕೊಡದೆ ಇರುವುದನ್ನು ತೆಗೆದುಕೊಳ್ಳುವುದು. ಈ ಲಕ್ಷಣವನ್ನು ವಿವರಿಸುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಆಕ್ಷೇಪವೊಂದನ್ನು ತಾವೇ ಎತ್ತುತ್ತಾರೆ. ಊರಿನಲ್ಲಿ ಸಂಚರಿಸುವ ಮುನಿಯು ಬೀದಿಯನ್ನೂ ಅದರ ದ್ವಾರವನ್ನೂ ದಾಟುತ್ತಾನಲ್ಲ, ಅವನ್ನು ಅವನಿಗೆ ಯಾರೂ ಕೊಟ್ಟಿಲ್ಲವಲ್ಲ, ಅದೂ ಕಳ್ಳತನವಾಗದೇ? ಆಗದು, ಏಕೆಂದರೆ ಅವು ಎಲ್ಲರಿಗಾಗಿ ಬಿಟ್ಟಿರುವಂಥವು. ಮುಚ್ಚಿದ ಬಾಗಿಲೊಳಗೆ ಮುನಿಯು ಹೋಗುವುದಿಲ್ಲ, ಅದು ಹಾಗೆ ಬಿಟ್ಟದ್ದಲ್ಲ. ತನ್ನದೆಂಬ ವಸ್ತುವೊಂದೂ ಇಲ್ಲದ ನಿರ್ಗ್ರಂಥನ ನಡೆಯನ್ನು ನಿರ್ಣಯಿಸುವಾಗಲೂ ಮುಚ್ಚಿದ ಕದಕ್ಕೆ ಇಷ್ಟು ಬೆಲೆ ಇದೆ. ಗೃಹಸ್ಥನಿಗೆ ಅದು ಇನ್ನೆಷ್ಟಿರಬೇಕು!

ಬಾಡಿಗೆಗೆ ಕೊಡುವವನು ಕೊಡುವುದು ನಾಲ್ಕು ಗೋಡೆಗಳನ್ನಷ್ಟೇ ಅಲ್ಲ. ಒಳಗಿನಿಂದ ಅಗುಳಿ ಹಾಕಿಕೊಂಡು ನಿದ್ರಿಸುವ, ಹೊರಗಿನಿಂದ ಬೀಗ ಹಾಕಿಕೊಂಡು ಊರಿಗೆ ಹೋಗುವ ನಿಶ್ಚಿಂತೆಯನ್ನೂ ಅವನು ಕೊಡುತ್ತಾನೆ. ಬಾಡಿಗೆ ಸಲ್ಲುವುದು ಅದಕ್ಕೂ ಸೇರಿ. ಯಾರ ಬಳಿಯೋ ಕೈ ಉಳಿದಿರುವ ಬೀಗವನ್ನು ಒಪ್ಪಿಸಿದಾಗ ಬಾಗಿಲು ಮುಚ್ಚಿದಂತೆ ತೋರುತ್ತದೆ, ಮುಚ್ಚಿರುವುದಿಲ್ಲ. ಅಚೌರ್ಯದ ಅತಿಚಾರಗಳಲ್ಲಿ ಅಳತೆ ತೂಕಗಳ ಮೋಸವೂ ಒಂದು. ಹಳೆಯ ಬೀಗದ ಪ್ರಸ್ತಾಪ ಅಲ್ಲಿಲ್ಲ, ನಿಜ. ಆದರೆ ಪೂರ್ತಿ ಬಾಡಿಗೆ ಪಡೆದು ಅರ್ಧ ಮುಚ್ಚಿದ ಬಾಗಿಲನ್ನು ಕೊಡುವವನು ಕಡಿಮೆ ಅಳೆಯುವ ವರ್ತಕನಿಂದ ಬಹಳ ದೂರವೇನೂ ಇಲ್ಲ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸಂಪತ್ತನ್ನು ಮನುಷ್ಯನ ಹೊರಗಿನ ಪ್ರಾಣವೆಂದೇ ಎಣಿಸಿ ಕಳವನ್ನು ಹಿಂಸೆಯೊಳಗೆ ಸೇರಿಸಿದ್ದಾರೆ. ಆ ಪ್ರಾಣದ ಕಾವಲಿಗೆ ನಿಂತಿರುವುದು ಒಂದು ಬೀಗ.

ಇಲ್ಲಿ ಸಜ್ಜನರಿಗೂ ಒಂದು ಸಂಕೋಚ ಉಂಟು. ಐದು ವರ್ಷ ಮರ್ಯಾದೆಯಿಂದ ಬಾಳಿ ಹೋದವರು ಬೆನ್ನು ತಿರುಗಿಸಿದ ಕೂಡಲೇ ಬೀಗ ಬದಲಿಸಿದರೆ ಅವರನ್ನು ಕಳ್ಳರೆಂದು ಶಂಕಿಸಿದಂತಾಗದೇ? ನೋಯಿಸಬಾರದೆಂಬ ಈ ಸಂಕೋಚ ಗೌರವಾರ್ಹವಾದುದು. ಆದರೆ ಅದು ವಿಷಯವನ್ನು ತಲೆಕೆಳಗಾಗಿ ಕಾಣುತ್ತದೆ. ಹೊಸಬರು ಬಂದ ಮೂರನೆಯ ತಿಂಗಳು ಒಂದು ಸರ ಕಾಣದಾಯಿತೆಂದುಕೊಳ್ಳೋಣ. ಬಾಗಿಲು ಒಡೆದಿಲ್ಲ, ಬೀಗ ಮುರಿದಿಲ್ಲ. ಎಲ್ಲರ ಬೆರಳೂ ಹೋದವರ ಕಡೆಗೇ ತಿರುಗುತ್ತದೆ. ಅವರು ಎಲ್ಲೋ ದೂರದ ಬಡಾವಣೆಯಲ್ಲಿ ಏನೂ ಅರಿಯದೆ ಇದ್ದರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದೀತು. ಸರವು ಕೊನೆಗೆ ಮನೆಯ ಅಕ್ಕಿಡಬ್ಬಿಯಲ್ಲೇ ಸಿಕ್ಕರೂ ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಬೀಗ ಬದಲಿಸಿದ್ದರೆ ಆ ನಿರಪರಾಧಿಯ ಮೇಲೆ ನೆರಳೂ ಬೀಳುತ್ತಿರಲಿಲ್ಲ. ಅಚೌರ್ಯದ ಐದು ಭಾವನೆಗಳಲ್ಲಿ ವಿಮೋಚಿತಾವಾಸವೆಂಬುದು ಒಂದು: ಇತರರು ಬಿಟ್ಟುಹೋದ ನೆಲೆಯಲ್ಲಿ ವಾಸಿಸುವುದು. ಅದನ್ನು ಹೇಳಿರುವುದು ಮುನಿಗಳಿಗೆ. ಆದರೂ ಮನೆಯೊಂದು ನಿಜವಾಗಿ ಬಿಡುಗಡೆಯಾಗುವುದು ಯಾವಾಗ ಎಂಬ ವಿಚಾರಕ್ಕೆ ಆ ಪದ ಗೃಹಸ್ಥನನ್ನೂ ಕರೆದೊಯ್ಯುತ್ತದೆ. ಹೋದವರು ಮನೆಯಿಂದ ಬಿಡುಗಡೆಯಾಗುವುದೂ ಆ ಹಳೆಯ ಕೈ ಕೆಲಸಕ್ಕೆ ಬಾರದಂತಾದ ದಿನವೇ.

ಖರ್ಚಿನ ಮಾತು ದೊಡ್ಡದಲ್ಲ. ಬಾಗಿಲೊಳಗೆ ಕೂರಿಸಿದ ಲಾಕ್ ಆದರೆ ಅನೇಕ ಬಾರಿ ಸಿಲಿಂಡರ್ ಒಂದನ್ನೇ ಬದಲಿಸಬಹುದು. ಚಿಲಕಕ್ಕೆ ಹಾಕುವ ಬೀಗವಾದರೆ ಇನ್ನೂ ಸುಲಭ. ಕೇಂದ್ರ ಸರಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯು ವಾಸದ ಅವಧಿಯಲ್ಲಿ ಬೀಗ, ಹಿಡಿಕೆಗಳನ್ನು ಬದಲಿಸುವ ಕೆಲಸವನ್ನು ಬಾಡಿಗೆದಾರನ ಪಾಲಿಗೆ ಹಾಕಿದೆ. ಬಳಸುವವನೇ ಸರಿಪಡಿಸಿಕೊಳ್ಳಲಿ ಎಂಬುದು ನ್ಯಾಯವೇ. ಆದರೆ ಹಿಂದಿನವರ ಕೈಗಳ ಹೊಣೆ ಹೊಸಬನದಲ್ಲ. ಅವನು ಕಾಲಿಡುವ ಮುನ್ನ ಹೊಸ ಬೀಗ ಹಾಕಿಸುವುದು ಕೊಡುವವನ ಕರ್ತವ್ಯ.

ಇನ್ನು ಮಾಲೀಕನ ಬಳಿಯೇ ಉಳಿಯುವ ಕೈ. ಇದು ಹೆಚ್ಚು ಸೂಕ್ಷ್ಮವಾದುದು. 'ನನ್ನ ಮನೆ, ನಾನು ನೋಡಬಾರದೇ?' ಎಂದು ಬಾಡಿಗೆದಾರರು ಇಲ್ಲದ ಹೊತ್ತಿನಲ್ಲಿ ಬಾಗಿಲು ತೆರೆದು ಅಡುಗೆಮನೆಯನ್ನು ಇಣುಕುವವರಿದ್ದಾರೆ. ಮಾಂಸ ಬೇಯಿಸುತ್ತಾರೋ ಎಂದು ಪರೀಕ್ಷಿಸಲು ಹಾಗೆ ಹೋದೆವೆಂದು ವ್ರತದ ಹೆಸರಿನಲ್ಲೇ ಸಮರ್ಥಿಸಿಕೊಳ್ಳುವವರೂ ಉಂಟು. ಒಂದು ವ್ರತವನ್ನು ಕಾಯಲು ಇನ್ನೊಂದನ್ನು ಮುರಿದರೆ ಉಳಿಯುವುದೇನು? ಕರಾರಿನ ಅವಧಿಯವರೆಗೆ ಮನೆಯ ಒಳಗು ಕೊಟ್ಟಾಗಿದೆ. ಕೊಟ್ಟದ್ದನ್ನು ಕೇಳದೆ ಮರಳಿ ಹೊಕ್ಕರೆ ಅದೂ ಅದತ್ತಾದಾನವೇ. ಮೇಲಿನ ಮಾದರಿ ಕಾಯಿದೆ ಕೂಡ ಮಾಲೀಕನು ಒಳಬರುವ ಮುನ್ನ 24 ಗಂಟೆಗಳ ಸೂಚನೆ ಕೊಡಬೇಕೆಂದೂ, ಸೂರ್ಯೋದಯಕ್ಕೆ ಮುಂಚೆ ಹಾಗೂ ಸೂರ್ಯಾಸ್ತದ ನಂತರ ಪ್ರವೇಶಿಸಬಾರದೆಂದೂ ಹೇಳುತ್ತದೆ. ರಾತ್ರಿಭೋಜನವನ್ನು ತ್ಯಜಿಸಿದವರಿಗೆ ಈ ಸಮಯದ ಎಲ್ಲೆ ಹೊಸದೆನಿಸದು.

ಬೆಂಕಿ, ನೀರಿನ ಅಪಾಯ ಬಂದಾಗ ಒಂದು ಕೈ ಹತ್ತಿರವಿರಬೇಕೆಂಬುದೂ ಸರಿ. ಹಾಗಿದ್ದರೆ ಅದನ್ನು ಬಾಡಿಗೆದಾರನೇ ಲಕೋಟೆಯಲ್ಲಿಟ್ಟು, ಅಂಟಿನ ಮೇಲೆ ತನ್ನ ಸಹಿ ಮಾಡಿ ಕೊಡಲಿ. ಮನೆ ಬಿಡುವ ದಿನ ಆ ಲಕೋಟೆಯನ್ನು ಅವನ ಕಣ್ಣೆದುರಿಗೇ ಒಡೆಯಬಹುದು.