ಕಾಡು ಬಿಟ್ಟವರಿಗೆ ಸೊಸೈಟಿಯ ಬಾಗಿಲು

ದಿಗ್ಗೇವಾಡಿಯಂಥ ಊರಿನಲ್ಲಿ ಬೆಳೆದ ಹುಡುಗನಿಗೆ ಸಹಕಾರ ಸಂಘ ಎಂದರೇನು ಎಂದು ಪಾಠ ಹೇಳಬೇಕಾಗಿಲ್ಲ. ಬೆಳಗಾದರೆ ಡೇರಿಗೆ ಹಾಲು ಹಾಕಿ ಬರುವವನು ಅವನೇ. ಗೊಬ್ಬರದ ಚೀಲ ತರಲು ಅಪ್ಪನ ಹಿಂದೆ ಸೊಸೈಟಿಗೆ ಹೋಗುವವನೂ ಅವನೇ. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಬಿಲ್ಲು ಯಾವಾಗ ಜಮಾ ಆದೀತು ಎಂಬ ಮಾತು ಊಟದ ಹೊತ್ತಿನಲ್ಲಿ ಅವನ ಕಿವಿಗೆ ಬೀಳುತ್ತಲೇ ಇರುತ್ತದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದೂ ದೂರದಲ್ಲೇನಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಆಗಿನ ಗುರಿ.

ಆದರೆ ಹೊಲವೇ ಇಲ್ಲದವನಿಗೆ, ಪಹಣಿಯಲ್ಲಿ ಹೆಸರೇ ಇಲ್ಲದವನಿಗೆ, ಈ ಸೊಸೈಟಿ ಏನು ಮಾಡೀತು? ಪ್ರಶ್ನೆ ಪುಸ್ತಕದ್ದಲ್ಲ, ಇದೇ ಬೆಳಗಾವಿ ಜಿಲ್ಲೆಯದು.

ಖಾನಾಪುರ ತಾಲ್ಲೂಕಿನ ದಟ್ಟ ಕಾಡಿನಲ್ಲಿ ಭೀಮಗಡ ವನ್ಯಧಾಮವಿದೆ. ಘೋಷಣೆಯಾದದ್ದು 2011ರ ಡಿಸೆಂಬರಿನಲ್ಲಿ, ವಿಸ್ತಾರ ಸುಮಾರು 190 ಚದರ ಕಿಲೋಮೀಟರು. ಮಹದಾಯಿ ಹುಟ್ಟುವ ಕಾಡು ಇದು. ಅಪರೂಪದ ರಾಟನ್ ಬಾವಲಿ ವಾಸಿಸುವ ಬರಾಪೇಡೆ ಗುಹೆಗಳೂ ಇಲ್ಲಿವೆ. ಈ ಕಾಡಿನೊಳಗೆ ಗವಾಳಿ, ಪಾಸ್ತೋಳಿ, ಕೊಂಗಳ, ತಳೇವಾಡಿಗಳಂಥ ಹಳ್ಳಿಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಯಿಲೆಯವರನ್ನು ಹೊತ್ತು ತರಬೇಕು. ಶಾಲೆ, ವಿದ್ಯುತ್ತು, ರಸ್ತೆ ಎಲ್ಲಕ್ಕೂ ಅರಣ್ಯ ಕಾಯ್ದೆ ಅಡ್ಡ. ಕೊನೆಗೆ ತಳೇವಾಡಿಯ 27 ಕುಟುಂಬಗಳು ಹೊರಬರಲು ಒಪ್ಪಿದವು. ಕುಟುಂಬಕ್ಕೆ 15 ಲಕ್ಷ ರೂಪಾಯಿ ಎಂದು ಗೊತ್ತಾಯಿತು. 2025ರ ಮೇ ತಿಂಗಳಲ್ಲಿ ಮೊದಲ ಕಂತಾಗಿ 10 ಲಕ್ಷದ ಚೆಕ್ಕುಗಳು ಕೈಸೇರಿದವು.

15 ಲಕ್ಷ ಎಂದರೆ ಹಳ್ಳಿಯ ಕಿವಿಗೆ ದೊಡ್ಡ ಮೊತ್ತವೇ. ಆದರೂ ಲೆಕ್ಕ ಹಾಕಿ ನೋಡಬೇಕು. ಅಷ್ಟನ್ನೂ ಮುಟ್ಟದೆ ಬ್ಯಾಂಕಿನಲ್ಲಿಟ್ಟು ಶೇಕಡಾ 7ರಂತೆ ಬಡ್ಡಿ ಹಿಡಿದರೆ ವರ್ಷಕ್ಕೆ 1,05,000 ರೂಪಾಯಿ, ತಿಂಗಳಿಗೆ 8,750. ಅದರಲ್ಲೇ ಮನೆ ಬಾಡಿಗೆ, ಅಕ್ಕಿ ಬೇಳೆ, ಮಕ್ಕಳ ಶಾಲೆ, ಔಷಧ ಎಲ್ಲವೂ ಆಗಬೇಕು. ಮನೆ ಕಟ್ಟಿಸಿದರೆ ಅಸಲೇ ಕರಗುತ್ತದೆ. ಇನ್ನು ಹೊಲ ಕೊಳ್ಳೋಣವೆಂದರೆ? ರಾಯಬಾಗ ಸೀಮೆಯ ಯಾವ ವಿದ್ಯಾರ್ಥಿಯಾದರೂ ಸರಿ, ಇವತ್ತು ಸಂಜೆ ಅಪ್ಪನನ್ನು ಕೇಳಲಿ: ಈ ಹಣಕ್ಕೆ ನೀರಿನ ಆಸರೆಯಿರುವ ಭೂಮಿ ಎಷ್ಟು ಗುಂಟೆ ಬಂದೀತು? ಉತ್ತರ ಕೇಳಿದ ಮೇಲೆ ಚೆಕ್ಕಿನ ತೂಕ ಗೊತ್ತಾಗುತ್ತದೆ.

ಕೃಷ್ಣೆಯ ನೀರು ಕುಡಿಯುವವರಿಗೆ ಈ ವಿಷಯ ಪರಕೀಯವಲ್ಲ ಎನ್ನಲು ಇನ್ನೊಂದು ಕಾರಣವೂ ಇದೆ. ಕರಾಡದ ಬಳಿ ಕೊಯ್ನಾ, ಸಾಂಗಲಿಯ ಬಳಿ ವಾರಣಾ ಕೃಷ್ಣೆಯನ್ನು ಕೂಡಿಕೊಳ್ಳುತ್ತವೆ. ಆ ಎರಡೂ ನದಿಗಳ ಜಲಾನಯನದ ಕಾಡೇ 2010ರಲ್ಲಿ ಸಹ್ಯಾದ್ರಿ ಹುಲಿ ರಕ್ಷಿತಾರಣ್ಯವಾಯಿತು. ಅಣೆಕಟ್ಟಿಗೆ ಒಂದು ಸಲ, ವನ್ಯಪ್ರಾಣಿಗಳಿಗೆ ಇನ್ನೊಂದು ಸಲ ಎಂದು ಅಲ್ಲಿಯ ಊರುಗಳು ಕೆಳಗಿಳಿದಿವೆ. ಇಲ್ಲಿಯ ಕಬ್ಬಿಗೆ ಹರಿಯುವ ನೀರು ಅವರು ಬಿಟ್ಟುಬಂದ ಬೆಟ್ಟಗಳಿಂದಲೇ ಬರುತ್ತದೆ.

ಕರ್ನಾಟಕದಲ್ಲಿ ಸ್ಥಳಾಂತರ ಒಳ್ಳೆಯದಾಯಿತು ಎಂದು ಹೇಳುವಾಗ ಎಲ್ಲರೂ ತೋರಿಸುವುದು ಭದ್ರಾವನ್ನು. 2001–02ರ ಸುಮಾರಿಗೆ ಭದ್ರಾ ಹುಲಿ ರಕ್ಷಿತಾರಣ್ಯದಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ, ಉಳಿದವರು ಚಿಕ್ಕಮಗಳೂರು ಕಡೆಯ ಕೆಳಗೂರಿಗೆ ಹೋದರು. ಸರ್ಕಾರ ಹಣಕ್ಕಿಂತ ಮುಖ್ಯವಾಗಿ ಭೂಮಿಯನ್ನೇ ಕೊಟ್ಟಿತು, ಅದೂ ಎಂ.ಸಿ. ಹಳ್ಳಿಯಲ್ಲಿ ಭದ್ರಾ ನೀರಾವರಿಯ ಭೂಮಿಯನ್ನು. ಹೋದವರು ಮೊದಲೇ ಗದ್ದೆ ಮಾಡಿ ಗೊತ್ತಿದ್ದ ರೈತರು. ಹೊಸ ಊರಿನಲ್ಲಿ ಪತ್ರ ಕೈಗೆ ಬಂತು, ಕಾಲುವೆ ಎದುರಿಗೇ ಇತ್ತು. ಎಲ್ಲ ರೈತರಂತೆ ಅವರೂ ಸೊಸೈಟಿಯ ಬಾಗಿಲು ತಟ್ಟಬಹುದಾಯಿತು. ಭದ್ರಾದ ಗುಟ್ಟೆಲ್ಲ ಇಷ್ಟೇ ಎಂದಲ್ಲ, ಆದರೆ ಬಹುಪಾಲು ಇದೇ.

ನಾಗರಹೊಳೆಯ ಕಥೆ ಹಾಗಲ್ಲ. ಅಲ್ಲಿ ಕಾಡಿನಿಂದ ಬಂದವರು ಜೇನುಕುರುಬರು, ಬೆಟ್ಟಕುರುಬರು, ಯರವರು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಅವರಿಗೆ ಮನೆಯೂ ಭೂಮಿಯೂ ಸಿಕ್ಕವು. ಆದರೆ ಜೇನು ಕೀಳುವ, ಗೆಡ್ಡೆ ಅಗೆಯುವ ಕೈಗೆ ನೇಗಿಲು ಕೊಟ್ಟ ಮಾತ್ರಕ್ಕೆ ಬೇಸಾಯ ಬರುವುದಿಲ್ಲ. ಎತ್ತು, ಬೀಜ, ಮೊದಲ ಮೂರು ವರ್ಷದ ನಷ್ಟ ತಡೆಯುವ ಬಂಡವಾಳ ಎಲ್ಲಿಂದ? ಹಲವರು ಭೂಮಿಯನ್ನು ಬೇರೆಯವರಿಗೆ ಗೇಣಿಗೆ ಬಿಟ್ಟು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರು. ಇನ್ನು ಏನೂ ಸಿಗದೆ ಹಿಂದೆಯೇ ಹೊರಬಿದ್ದವರ ಸಂಖ್ಯೆ ದೊಡ್ಡದು. ಹೈಕೋರ್ಟಿನ ಸೂಚನೆಯಂತೆ ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ 2014ರಲ್ಲಿ ಕೊಟ್ಟ ವರದಿ ಅಂಥ 3,418 ಕುಟುಂಬಗಳನ್ನು ಗುರುತಿಸಿತು.

ಇಂಥವರಿಗಾಗಿಯೇ ಒಂದು ಸಹಕಾರ ಸಂಘ ಬೇಕು ಎಂಬ ಯೋಚನೆ ಹೊಸದಲ್ಲ. ಬಾವಾ ಸಮಿತಿಯ ಸಲಹೆಯಂತೆ 1970ರ ದಶಕದಲ್ಲಿ ದೇಶದಾದ್ಯಂತ ಲ್ಯಾಂಪ್ಸ್ ಎಂಬ ಸಂಘಗಳು ಹುಟ್ಟಿದವು. ಕನ್ನಡದಲ್ಲಿ ಹೇಳುವುದಾದರೆ ಗಿರಿಜನರ ದೊಡ್ಡ ಪ್ರಮಾಣದ ವಿವಿಧೋದ್ದೇಶ ಸಹಕಾರ ಸಂಘ. ಹೆಸರು ಉದ್ದ, ಉದ್ದೇಶವೂ ಉದ್ದವೇ. ಒಂದೇ ಸೂರಿನ ಕೆಳಗೆ ಬೆಳೆಸಾಲ, ಬೀಜ ಗೊಬ್ಬರ, ದಿನಸಿ, ಕಾಡಿನ ಉತ್ಪನ್ನದ ಮಾರಾಟ ಎಲ್ಲವೂ ದೊರೆಯಬೇಕು. ಹೆಗ್ಗಡದೇವನಕೋಟೆ, ಹುಣಸೂರು, ಯಳಂದೂರು, ಚಾಮರಾಜನಗರ, ಕೊಳ್ಳೇಗಾಲಗಳಲ್ಲಿ ಇವು ಎದ್ದುನಿಂತವು. ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಕಲ್ಲುಹೂವು ಸಂಗ್ರಹಿಸುವ ಹಕ್ಕನ್ನು ಅರಣ್ಯ ಇಲಾಖೆ ಈ ಸಂಘಗಳಿಗೆ ಕೊಟ್ಟಿತು. ಅದಕ್ಕೆ ಮೊದಲು ದರ ಹೇಳುತ್ತಿದ್ದವನು ಗುತ್ತಿಗೆದಾರ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವದಲ್ಲಿ ಲ್ಯಾಂಪ್ಸಿನ ಬಲವೂ ಕಾಣುತ್ತದೆ, ಬಲಹೀನತೆಯೂ ಕಾಣುತ್ತದೆ. 1974ರಲ್ಲಿ ಅವರ ಕಾಡು ವನ್ಯಧಾಮವಾಯಿತು. ಜಾಗ ಬದಲಿಸುತ್ತ ರಾಗಿ ಬೆಳೆಯುವ ಬೇಸಾಯ ನಿಂತಿತು, ಅವರು ಪೋಡುಗಳಲ್ಲಿ ನೆಲೆನಿಂತರು. ಆಗ ಜೀವನಕ್ಕೆ ಆಧಾರವಾದದ್ದು ಹೆಜ್ಜೇನು, ನೆಲ್ಲಿ, ಪಾಚಿ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆ, ಶಾಲೆಗಳ ಜೊತೆಗೆ ಈ ಕಸುಬುಗಳಿಗೂ ಕೈಜೋಡಿಸಿತು. 1990ರ ದಶಕದಲ್ಲಿ ಜೇನು ಸೋಸಿ ಬಾಟಲಿ ತುಂಬುವ, ನೆಲ್ಲಿ ಉಪ್ಪಿನಕಾಯಿ ಮಾಡುವ ಘಟಕಗಳು ಬಂದವು. ಕಚ್ಚಾ ಮಾಲು ಮಾರುವವನಿಗಿಂತ ಹಸನು ಮಾಡಿ ಮಾರುವವನಿಗೆ ಹೆಚ್ಚು ದಕ್ಕುತ್ತದೆ ಎಂಬುದನ್ನು ಬೆಲ್ಲದ ಗಾಣ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ಕಾಯ್ದೆ ಬದಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ಆಧಾರದ ಮೇಲೆ ವನ್ಯಧಾಮದಿಂದ ಮಾರಾಟಕ್ಕೆ ಏನನ್ನೂ ತರಕೂಡದು ಎಂದಾಯಿತು. ಕಾಡಿನ ಉತ್ಪನ್ನವನ್ನೇ ನಂಬಿದ್ದ ಸಂಘಕ್ಕೆ ವ್ಯಾಪಾರವೇ ಇಲ್ಲ! ಬೆಳೆಸಾಲ, ಬೀಜ ಗೊಬ್ಬರದ ಕೆಲಸವನ್ನು ಮೊದಲಿನಿಂದಲೇ ಗಟ್ಟಿಯಾಗಿ ಬೆಳೆಸಿದ್ದರೆ ಹೊಡೆತ ಅಷ್ಟು ಬೀಳುತ್ತಿರಲಿಲ್ಲ. ಲ್ಯಾಂಪ್ಸಿನ ದೊಡ್ಡ ತಪ್ಪು ಅಲ್ಲಿದೆ. ಬಹುಕಾಲ ಅದರ ಕಾರ್ಯದರ್ಶಿ ಎಂದರೆ ಎರವಲು ಸೇವೆಯ ಮೇಲೆ ಬಂದ ಸರ್ಕಾರಿ ನೌಕರ. ಸದಸ್ಯರ ಪಾಲಿಗೆ ಅದು ತಮ್ಮ ಸಂಘ ಎನ್ನುವುದಕ್ಕಿಂತ ಇನ್ನೊಂದು ಕಚೇರಿ.

2006ರ ಅರಣ್ಯ ಹಕ್ಕು ಕಾಯ್ದೆ ಗಾಳಿಯನ್ನು ಮತ್ತೆ ತಿರುಗಿಸಿತು. ಬಿಳಿಗಿರಿ 2011ರಲ್ಲಿ ಹುಲಿ ರಕ್ಷಿತಾರಣ್ಯವಾದ ವರ್ಷವೇ 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ರಕ್ಷಿತಾರಣ್ಯದೊಳಗೆ ಇಂಥ ಹಕ್ಕು ಅಪರೂಪ. ಈಗ ಸೋಲಿಗರ ಹಿತ್ತಿಲಿನಲ್ಲಿ ಕಾಡುಮರಗಳ ನೆರಳಿನ ಕಾಫಿ ಇದೆ. ಐದಾರು ಕಿಲೋ ಹಣ್ಣಿನಿಂದ ಸುಮಾರು ಒಂದು ಕಿಲೋ ಬೀಜ ಬರುತ್ತದೆ. ಹಣ್ಣನ್ನು ಹಾಗೆಯೇ ದಲ್ಲಾಳಿಗೆ ಕೊಟ್ಟರೆ ಒಂದು ದರ, ಸಿಪ್ಪೆ ಸುಲಿದು ಒಣಗಿಸಿ ಕೊಟ್ಟರೆ ಬೇರೆಯೇ ದರ. ಆದರೆ ಸಿಪ್ಪೆ ಸುಲಿಯುವ ಯಂತ್ರವನ್ನು ಅರ್ಧ ಎಕರೆಯವನು ಒಬ್ಬನೇ ಕೊಳ್ಳಲಾರ. ಹತ್ತಿಪ್ಪತ್ತು ಮನೆ ಕೂಡಿದರೆ ಆದೀತು.

ಸಾಲದ ತೊಡಕು ಮಾತ್ರ ಹಾಗೆಯೇ ಉಳಿದಿದೆ. ರಾಜ್ಯದ 2023–24ರ ಬಜೆಟ್ಟಿನಲ್ಲಿ ಸಹಕಾರ ಸಂಘಗಳ ಶೂನ್ಯ ಬಡ್ಡಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ದಿಗ್ಗೇವಾಡಿಯ ರೈತ ಪಹಣಿ ಹಿಡಿದು ಹೋಗಿ ಅರ್ಜಿ ಕೊಡುತ್ತಾನೆ. ಅರಣ್ಯ ಹಕ್ಕುಪತ್ರದ ಭೂಮಿ ಗಂಡ ಹೆಂಡತಿ ಇಬ್ಬರ ಹೆಸರಿಗೂ ಇರುತ್ತದೆ, ಮಕ್ಕಳಿಗೂ ಬರುತ್ತದೆ. ಆದರೆ ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಭೂಮಿ ಕೈತಪ್ಪದಿರಲಿ ಎಂದು ಇಟ್ಟ ಈ ಕಟ್ಟೇ ಸಾಲಕ್ಕೆ ಆಧಾರ ಕೇಳುವ ಕಡೆ ಗೋಡೆಯಾಗುತ್ತದೆ. ಅಡವಿಡಲು ಭೂಮಿ ಇಲ್ಲದವನಿಗೆ ನೆರೆಯವರ ಜಾಮೀನೇ ಆಧಾರ. ಆ ಕೆಲಸ ನಡೆಯುವುದು ಸದಸ್ಯರು ಒಬ್ಬರನ್ನೊಬ್ಬರು ಬಲ್ಲ ಚಿಕ್ಕ ಸಂಘದಲ್ಲಿ.

ತಳೇವಾಡಿಯ 27 ಕುಟುಂಬಗಳ ಹಣ ಕೂಡಿಸಿದರೆ 4 ಕೋಟಿ 5 ಲಕ್ಷ ರೂಪಾಯಿ. ಅವರು ಅಷ್ಟನ್ನೂ ಒಂದೇ ಗಂಟು ಮಾಡಲಿ ಎಂದು ಯಾರೂ ಹೇಳಲಾರರು, ಹೇಳಲೂಬಾರದು. ಕುಟುಂಬಕ್ಕೆ 1 ಲಕ್ಷದಂತೆ ಷೇರು ಹಾಕಿದರೂ 27 ಲಕ್ಷವಾಗುತ್ತದೆ. ಎಮ್ಮೆ, ಗೇರುಬೀಜ ಸಂಸ್ಕರಣೆ, ಬಾಡಿಗೆಗೆ ಕೊಡುವ ಉಳುಮೆ ಯಂತ್ರ, ಯಾವುದಕ್ಕಾದರೂ ಅದು ಮೊದಲ ಬಂಡವಾಳ. ಕಂಪನಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಹತ್ತು ಜನ ಬೆಳೆಗಾರರು ಸೇರಿದರೂ ಉತ್ಪಾದಕರ ಕಂಪನಿ ಕಟ್ಟಬಹುದು. ಆದರೆ ಕಾಡು ಬಿಟ್ಟವರು ಒಂದೇ ಕಡೆ ನೆಲೆಸಿದರೆ ಮಾತ್ರ ಇದು ಸಾಧ್ಯ. ಚೆಕ್ಕು ಹಿಡಿದು ಒಬ್ಬರು ಖಾನಾಪುರಕ್ಕೆ, ಒಬ್ಬರು ಬೆಳಗಾವಿಗೆ, ಇನ್ನೊಬ್ಬರು ಗೋವೆಗೆ ಚದುರಿದರೆ ಸಂಘ ಎಲ್ಲಿಂದ ಬಂತು? ಹಣ ಹಂಚುವ ಮುನ್ನವೇ ಈ ಮಾತು ಆಗಬೇಕು. ಭೀಮಗಡದ ಉಳಿದ ಹಳ್ಳಿಗಳಿಗಾದರೂ ಆ ಸಮಯ ಇನ್ನೂ ಮೀರಿಲ್ಲ.

ಹತ್ತನೆಯ ಇಯತ್ತೆ ಮುಗಿಸಿ ಮುಂದೇನು ಎಂದು ಯೋಚಿಸುವ ಮಕ್ಕಳಿಗೂ ಪಾಲಕರಿಗೂ ಇಲ್ಲೊಂದು ದಾರಿ ಇದೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಗುಜರಾತಿನ ಆಣಂದದಲ್ಲಿ 1979ರಿಂದ ಗ್ರಾಮೀಣ ನಿರ್ವಹಣೆಯ ಸಂಸ್ಥೆ ನಡೆದಿದೆ. ವಾಣಿಜ್ಯ ಓದಿದವರಿಗೂ ಕೆಲಸವಿದೆ, ಏಕೆಂದರೆ ಇಂಥ ಸಂಘಗಳಲ್ಲಿ ಮೊದಲು ಕೊರತೆ ಬೀಳುವುದು ಹಣವಲ್ಲ, ಸದಸ್ಯರ ಭಾಷೆಯಲ್ಲಿ ಲೆಕ್ಕ ಓದಿ ಹೇಳಬಲ್ಲ ಮನುಷ್ಯ. ಅಭ್ಯಾಸಕ್ಕೆ ಬೆಟ್ಟಕ್ಕೇ ಹೋಗಬೇಕಾಗಿಲ್ಲ. ಊರಿನ ಸೊಸೈಟಿಯ ವಾರ್ಷಿಕ ಸಭೆಗೆ ಅಪ್ಪ ಈ ಸಲ ಹೋಗುವಾಗ ಮಗಳೋ ಮಗನೋ ಜೊತೆಗೆ ಹೋಗಲಿ, ಅಲ್ಲಿ ಹಂಚುವ ಅಢಾವೆ ಪತ್ರಿಕೆಯನ್ನು ಮನೆಗೆ ತಂದು ಸಾಲಿನಿಂದ ಸಾಲಿಗೆ ಓದಿ ನೋಡಲಿ.